ಮೂರನೇ ಬಿಡಾರದ ಮೆದು ಮಣ್ಣು

ಕಫೂಲೆ ಅಭಯಾರಣ್ಯದ ಮೂರನೇ ಬಿಡಾರದ ಕಕ್ಕಸು ಗುಂಡಿಯನ್ನು ತಿಸೌಕೆ ಶಾವಾ ಎಂಬ ಮುದುಕಿಯನ್ನು ಮಣ್ಣು ಮಾಡಿದ್ದ ಜಾಗದಲ್ಲಿ ತೋಡಿದರು. ಜಾಗ ತೋರಿಸಿದವನು ಅವಳ ಮೊಮ್ಮಗ ಯೋಬೆ.

ಈಗ ಆ ಬಿಡಾರದ ಮಾರ್ಗದರ್ಶಿಯಾಗಿದ್ದ ಯೋಬೆ, ಅಕ್ಟೋಬರಿನ ಒಂದು ಮಧ್ಯಾಹ್ನ, ಅದೇ ಕಕ್ಕಸಿನ ಮುಂದೆ ನಿಂತು ಹೊಸದಾಗಿ ಬಂದ ಮೂವರು ಅತಿಥಿಗಳಿಗೆ ಅದನ್ನು ಬಳಸುವ ಕ್ರಮ ಹೇಳಿಕೊಡುತ್ತಿದ್ದ. ಒಳಗೆ ಹೋದವರು ದಾರಿಗೆ ಅಡ್ಡ ಕೊಂಬೆ ಇಟ್ಟುಕೊಳ್ಳಬೇಕು. ಕೊಂಬೆ ಇಲ್ಲದಿದ್ದರೆ ಒಳಗೆ ಯಾರೂ ಇಲ್ಲ ಎಂದು ಅರ್ಥ. ಕೆಲಸ ಮುಗಿದ ಮೇಲೆ ಡಬ್ಬದಿಂದ ಒಂದು ಹಿಡಿ ಬೂದಿ ಹಾಕಬೇಕು. ಹಾವು ಇರಬಹುದು, ಕೂರುವ ಮುಂಚೆ ಟಾರ್ಚು ಬಿಟ್ಟು ನೋಡಬೇಕು. ಎರಡು ವರ್ಷದಲ್ಲಿ ಇದನ್ನು ಅವನು ಎಷ್ಟು ಸಲ ಹೇಳಿದ್ದನೋ, ಮಾತು ಬಾಯಿಂದ ತಾನಾಗಿ ಉರುಳುತ್ತಿತ್ತು. ಆದರೆ ಗುಂಡಿ ಎಂಬ ಪದ ಬರುವ ಹೊತ್ತಿಗೆ ಪ್ರತಿ ಸಲವೂ ಗಂಟಲಿಗೆ ಒಂದು ನೊಣ ಹೊಕ್ಕಂತಾಗಿ ಕೆಮ್ಮುತ್ತಿದ್ದ. ಕೆಮ್ಮಿದ ಮೇಲೆ ಟೋಪಿ ಸರಿಪಡಿಸಿಕೊಳ್ಳುತ್ತಿದ್ದ. ಟೋಪಿಯ ಮೇಲೆ, ಬಿಡಾರಗಳನ್ನು ನಡೆಸುವ ಕಂಪನಿಯ ಹಿತ್ತಾಳೆಯ ಆನೆ ಇತ್ತು. ಹೋದ ವರ್ಷ ಬಂದಿದ್ದ ಒಬ್ಬ ಮುದುಕ ಡಾಕ್ಟರು ಈ ಕೆಮ್ಮನ್ನು ಕೇಳಿ ಒಂದು ಸೀಸೆ ಔಷಧಿ ಕೊಟ್ಟು ಹೋಗಿದ್ದ. ಪಾಪಪ್ರಜ್ಞೆಗೆ ಅದು ಏನೂ ಮಾಡಲಿಲ್ಲ, ಮಲಬದ್ಧತೆ ಮಾತ್ರ ಆಯಿತು.

“ಓ ಇಲಿ ತಿನ್ನೋನೇ,” ಎಂದಳು ಅತಿಥಿಗಳಲ್ಲಿ ಹಿರಿಯಳು, ದಪ್ಪನೆಯ ಹೆಂಗಸು, “ನಿಮ್ಮ ಸೀಮೆಯಲ್ಲಿ ಕಕ್ಕಸಿಗೂ ಭಾಷಣ ಉಂಟಾ?”

ಯೋಬೆಯ ಮುಖ ಅರಳಿತು. ಆರು ತಿಂಗಳಿಂದ ಅವನನ್ನು ಯಾರೂ ಇಷ್ಟು ಮರ್ಯಾದೆಯಿಂದ ಬೈದಿರಲಿಲ್ಲ. “ಹಾಗಾದ್ರೆ ತಾಯಿ ಬೆಂಬಾ ಜನ,” ಎಂದ. “ಕೋತಿ ತಿನ್ನೋರಿಗೆ ಬಿಡಿಸಿ ಹೇಳ್ಬೇಕಾಗತ್ತೆ. ಮರದ ಮೇಲೆ ಕೂತು ಮಾಡಿ ಅಭ್ಯಾಸ ಇರತ್ತಲ್ಲ.”

“ಅಮ್ಮಾ!” ಎಂದಳು ಮಗಳು ಮ್ವಾಪೆ. ಅಮ್ಮನಿಗೆ ಅದು ಕೇಳಿಸಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನೂರೈವತ್ತು ವರ್ಷದ ಹಿಂದೆ ಯೋಬೆಯ ಕುಲದ ಅಂಗೋನಿಗಳೂ ಇವಳ ಕುಲದ ಬೆಂಬಾಗಳೂ ಒಬ್ಬರನ್ನೊಬ್ಬರು ಇರಿದು ಇರಿದು ದಣಿದ ಮೇಲೆ ಆದ ರಾಜಿ ಅದು. ಇನ್ನು ಮುಂದೆ ಇರಿಯುವುದು ನಾಲಿಗೆಯಿಂದ ಮಾತ್ರ, ಯಾರೂ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಅತ್ತೆಯ ಮಗನಿಗೂ ಮಾವನ ಮಗಳಿಗೂ ಇರುವ ಸಲಿಗೆ ಎರಡು ಇಡೀ ಕುಲಗಳಿಗೆ ಹಬ್ಬಿತು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಸಾವಿನ ಮನೆಯಲ್ಲಂತೂ ಕಡ್ಡಾಯವಾಗಿ, ಅಂಗೋನಿ ಸಿಕ್ಕರೆ ಬೆಂಬಾ ಬೈಯಲೇಬೇಕು. ಬೈಯದಿದ್ದರೆ ಅದೇ ಅವಮಾನ.

ಹೆಂಗಸಿನ ಹೆಸರು ಬನಾ ಚಿಶಿಂಬಾ, ಎಂದರೆ ಚಿಶಿಂಬಾನ ತಾಯಿ. ತಾಮ್ರದ ಗಣಿಗಳ ಊರಾದ ಕಿಟ್ವೆಯಲ್ಲಿ ಮೂವತ್ತೊಂದು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾಗಿದ್ದಳು. ಅಳಿಯ ಬ್ವಾಲ್ಯಾ ಬ್ಯಾಂಕಿನವನು, ಹೊಸ ಕಾಲದವನು. ಅತ್ತೆಯ ನಿವೃತ್ತಿಗೆ ಉಡುಗೊರೆಯಾಗಿ ಮೂರು ದಿನದ ಕಾಡುನಡಿಗೆಯನ್ನು ಏರ್ಪಾಡು ಮಾಡಿದ್ದ. ಅವನು ಮರೆತದ್ದು ಒಂದೇ. ಅಳಿಯನನ್ನು ಅತ್ತೆಯ ಮನೆಯೊಳಗೆ ಕರೆದುಕೊಳ್ಳುವ ಊಟ ಅವರಲ್ಲಿ ಇನ್ನೂ ಆಗಿರಲಿಲ್ಲ. ಅದು ಆಗುವ ತನಕ ಅಳಿಯ ಅತ್ತೆಯ ಮುಖ ನೋಡುವಂತಿಲ್ಲ, ಎದುರು ಕೂತು ಉಣ್ಣುವಂತಿಲ್ಲ, ನೆರಳು ತುಳಿಯುವಂತಿಲ್ಲ. ಕಿಟ್ವೆಯಲ್ಲಿ ಇದು ಸುಲಭ, ಬೀದಿಗಳಿವೆ, ಗೋಡೆಗಳಿವೆ. ಇಲ್ಲಿ ಇದ್ದದ್ದು ಎರಡು ಗುಡಾರ, ಒಂದು ಒಲೆ, ಒಂದು ಕಕ್ಕಸು.

ನಾಲ್ಕು ಗಂಟೆಗೆ ನಡಿಗೆ ಹೊರಟಿತು. ಮುಂದೆ ಸರ್ಕಾರದ ಬಂದೂಕು ಹಿಡಿದ ಸಕಾಲಾ, ಅವನ ಹಿಂದೆ ಯೋಬೆ, ಆಮೇಲೆ ಬನಾ ಚಿಶಿಂಬಾ, ಮ್ವಾಪೆ, ಕಡೆಗೆ ಅಳಿಯ. ಸಾಲು ಬಿಡಬಾರದು, ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡೇ ಬರಬೇಕು, ಕಾಡೆಮ್ಮೆ ಒಂಟಿಯಾದವರನ್ನೇ ಹುಡುಕುತ್ತದೆ ಎಂದು ಯೋಬೆ ಎಚ್ಚರಿಸಿದ್ದ. ಹಿಂತಿರುಗಿ ನೋಡಿದರೆ ಬ್ವಾಲ್ಯಾ ಐವತ್ತು ಹೆಜ್ಜೆ ದೂರದಲ್ಲಿ, ಅತ್ತೆಯ ಉದ್ದನೆಯ ಸಂಜೆ ನೆರಳು ಎಲ್ಲಿ ಮುಗಿಯುತ್ತದೆಂದು ಅಳೆಯುತ್ತ, ಹುಲ್ಲಿನಲ್ಲಿ ಕೊಕ್ಕರೆಯಂತೆ ಕಾಲೆತ್ತಿ ಇಡುತ್ತಿದ್ದ. “ಸ್ವಾಮಿ, ಹತ್ರ ಬನ್ನಿ!” ಎಂದು ಯೋಬೆ ಕೂಗಿದ. “ನನ್ನ ಹೆಂಡ್ತಿಗೆ ಹೇಳಿ, ನನಗೆ ಇಲ್ಲೇ ಆರಾಮು ಅಂತ!” ಎಂದು ಅವನು ಕೂಗಿದ. “ಮಗಳೇ,” ಎಂದಳು ಬನಾ ಚಿಶಿಂಬಾ ತಲೆ ತಿರುಗಿಸದೆ, “ನಿನ್ನ ಗಂಡನಿಗೆ ಹೇಳು, ಎಮ್ಮೆಗೆ ಸಿಕ್ಕಿದ್ರೆ ಪರವಾಗಿಲ್ಲ, ಒಳ್ಳೇ ಹುಡುಗ ಅಂತ ಹೇಳ್ಕೊಂಡು ಅಳ್ತೀನಿ.” ಸಕಾಲಾ ಬಂದೂಕನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಇಪ್ಪತ್ತು ವರ್ಷದಲ್ಲಿ ಅವನು ಆನೆಯನ್ನು ಎದುರಿಸಿದ್ದ, ಬೇಟೆಗಳ್ಳರನ್ನು ಎದುರಿಸಿದ್ದ. ಅತ್ತೆ ಅಳಿಯಂದಿರಿಗೆ ಎಲ್ಲಿ ನಿಂತು ಕಾವಲು ಕಾಯಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಒಂದು ಸುತ್ತು ಹಾಕಿ ಬಿಡಾರದ ಹಿಂದಿನ ಒಣಗಿದ ಲುವೆಜೆ ಹೊಳೆಯ ದಂಡೆಗೆ ಬಂದಾಗ ಯೋಬೆ ನಿಂತು, ಕಂಪನಿ ಬರೆದುಕೊಟ್ಟಿದ್ದನ್ನು ಒಪ್ಪಿಸಿದ. “ಇದು ಮನುಷ್ಯರ ಕಾಲು ಸೋಕದ ಕಾಡು. ಸೃಷ್ಟಿಯ ಮೊದಲನೇ ದಿನ ಹೇಗಿತ್ತೋ ಹಾಗೇ ಇದೆ. ಇಲ್ಲಿ ಯಾವತ್ತೂ ಯಾರೂ ವಾಸ ಮಾಡಿಲ್ಲ.” ಹೇಳುವಾಗ ದೃಷ್ಟಿಯನ್ನು ದೂರದ ಜಿಂಕೆಯೊಂದರ ಮೇಲೆ ನೆಟ್ಟಿದ್ದ. ಜಿಂಕೆ ಅವನನ್ನೇ ನೋಡುತ್ತಿತ್ತು. ಅದಕ್ಕೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

“ಆ ಮಾವಿನ ಮರ ಯಾರು ನೆಟ್ಟಿದ್ದು?” ಎಂದಳು ಬನಾ ಚಿಶಿಂಬಾ.

“ಆನೆ ತಾಯಿ. ಎಲ್ಲೋ ಹಣ್ಣು ತಿನ್ನತ್ತೆ, ಇಲ್ಲಿ ಬಂದು ಲದ್ದಿ ಹಾಕತ್ತೆ. ಓಟೆ ಮೊಳೆಯತ್ತೆ.”

“ಸರಿ. ಒಟ್ಟು ಏಳು ಮರ ಇದೆ. ಸಾಲಾಗಿ. ಒಂದಕ್ಕೊಂದು ಎಂಟೆಂಟು ಹೆಜ್ಜೆ.” ಅವಳು ಬೆರಳು ಚಾಚಿ ಎಣಿಸಿದಳು. “ನಿಮ್ಮ ಆನೆಗಳು ಹಗ್ಗ ಹಿಡಿದು ಅಳೆದು ಲದ್ದಿ ಹಾಕ್ತಾವಾ, ಅಂಗೋನಿ?”

ಸಕಾಲಾ ಕೆಮ್ಮಿದ. ಯೋಬೆಗೆ ಆ ಕ್ಷಣ ಬಾಯಿಗೆ ಬರಬೇಕಾದ ಬೈಗುಳ ಬರಲಿಲ್ಲ. ಏಳಲ್ಲ, ಒಂಬತ್ತು ಮರ ಇದ್ದವು. ಹೊಳೆ ಕಡೆಯ ಎರಡು ಬಿದ್ದುಹೋದವು. ಮೂರನೆಯದನ್ನು ಹತ್ತಿ ಬಿದ್ದು ಅವನ ಅಣ್ಣನ ಕೈ ಮುರಿದಿತ್ತು, ಅಜ್ಜಿ ತಿಸೌಕೆ ಬಿದಿರಿನ ಪಟ್ಟಿ ಕಟ್ಟುತ್ತ ಮುರಿದ ಕೈಗಿಂತ ಬಿದ್ದ ಕಾಯಿಗಾಗಿ ಹೆಚ್ಚು ಗೋಳಾಡಿದ್ದಳು, ಆ ಕಾಯಿಗೆ ಉಪ್ಪು ಹಾಕಿ ತಿನ್ನುತ್ತಿದ್ದಾಗಲೇ ಅವಳ ಒಂದು ಹಲ್ಲು ಕಿತ್ತು ಬಂದು, ಎಲ್ಲರೂ ನಗುತ್ತಿದ್ದಾಗ ಅವಳು ಹಲ್ಲನ್ನು ಅಂಗೈ ಮೇಲೆ ಇಟ್ಟುಕೊಂಡು ಇದು ನನಗಿಂತ ಮುಂಚೆ ಹೊರಟಿತು, ದಾರಿ ನೋಡಿಕೊಂಡು ಬರಲಿ ಎಂದಿದ್ದಳು, ಆಮೇಲೆ ಎರಡು ಚಳಿಗಾಲ ಕಳೆಯುವುದರಲ್ಲಿ ಅವಳೂ ಹೊರಟಳು. ಅವನಿಗೆ ಆಗ ಹನ್ನೊಂದು. ಗಂಡಸರು ಮರಗಳ ಹಿಂದಿನ ಜಾಗ ಅಗೆಯುವಾಗ ಅವನು ಅಂಚಿನಲ್ಲಿ ಕೂತಿದ್ದ. ಊರ ಮಣ್ಣೆಲ್ಲ ಕಬ್ಬಿಣವಾದರೆ ಅಲ್ಲಿಯದು ಮಾತ್ರ ಜರಡಿ ಹಿಡಿದ ಹಿಟ್ಟಿನ ಹಾಗೆ ಇತ್ತು, ಕೈ ಹಾಕಿದರೆ ಮೊಣಕೈ ತನಕ ತಣ್ಣಗೆ ಹೋಗುತ್ತಿತ್ತು. ಅದಾಗಿ ಮೂರು ವರ್ಷಕ್ಕೆ ಲಾರಿಗಳು ಬಂದವು. ಅಭಯಾರಣ್ಯ ಹೊಳೆ ದಾಟಿ ಈಚೆಗೆ ಬಂದಿದೆ, ನೀವು ಹೊಳೆ ಬಿಟ್ಟು ಆಚೆಗೆ ಹೋಗಿ ಎಂದರು. ಮನೆಗೊಂದು ತಗಡು, ಒಂದು ಗುದ್ದಲಿ ಕೊಟ್ಟು ನಲವತ್ತು ಮೈಲಿ ದೂರದ ಕಲ್ಲು ದಿಣ್ಣೆಯಲ್ಲಿ ಇಳಿಸಿದರು. ಕಲ್ಲಿನ ಮೇಲೆ ಗುದ್ದಲಿ ಕಿಡಿ ಕಾರುತ್ತಿತ್ತು, ಅಷ್ಟೆ. ಅಪ್ಪ ಸಾಯುವವರೆಗೂ ಆ ಗುದ್ದಲಿಯನ್ನು ಬೀಡಿ ಹಚ್ಚಲಿಕ್ಕೆ ಇಟ್ಟುಕೊಂಡಿದ್ದೇನೆ ಎನ್ನುತ್ತಿದ್ದ.

“ಯಾಕೋ ಬಾಯಿ ಕಟ್ಟಿಹೋಯ್ತು?” ಎಂದಳು ಬನಾ ಚಿಶಿಂಬಾ.

“ತಾಯಿಯ ಮುಖ ನೋಡಿ, ಮರದ ಮೇಲಿನ ಕೋತಿಗಳು ನೆಂಟರು ಬಂದ್ರು ಅಂತ ಇಳೀತಾ ಇವೆ. ಅದನ್ನ ನೋಡ್ತಾ ಇದ್ದೆ,” ಎಂದ ಯೋಬೆ. ತಡವಾಗಿ ಬಂದ ಬೈಗುಳ ಹಳಸಿದ ಮುದ್ದೆಯ ಹಾಗೆ, ಅವಳು ನಗಲಿಲ್ಲ. ಸೂಲಗಿತ್ತಿಯ ಕಣ್ಣಿನಿಂದ ಅವನ ಮುಖವನ್ನು, ಅಲ್ಲಿಂದ ಹೊಟ್ಟೆಯನ್ನು ನೋಡಿದಳು. ಬ್ವಾಲ್ಯಾ ದೂರದಿಂದ “ಆನೆ!” ಎಂದು ಕೂಗಿ ಹೆಂಡತಿಯ ಹತ್ತಿರ ಓಡಿಬಂದವನು, ಅತ್ತೆಯ ನೆರಳು ಕಂಡು ಮತ್ತೆ ಆನೆಯ ಕಡೆಗೇ ಓಡಿದ.

ಸಂಜೆ ಬಿಡಾರದಲ್ಲಿ ರೇಡಿಯೋ ಗೊರಗುಟ್ಟಿತು. ವ್ಯವಸ್ಥಾಪಕ ಡಾಕಾ ಮುಖ್ಯ ಬಿಡಾರದಿಂದ ಮಾತಾಡುತ್ತಿದ್ದ. ಮರುದಿನ ಬೆಳಿಗ್ಗೆ ರಾಜಧಾನಿಯಿಂದ ಇಬ್ಬರು ಬರುತ್ತಾರೆ. ಅವರು ಒಪ್ಪಿದರೆ ಕಂಪನಿಗೆ ಮನುಷ್ಯರ ಕಾಲು ಸೋಕದ ಕಾಡು ಎಂಬ ಪ್ರಮಾಣಪತ್ರ ಸಿಗುತ್ತದೆ. ಮೂರನೇ ಬಿಡಾರವನ್ನೇ ತೋರಿಸುವುದು, ಅದರಲ್ಲೂ ಕಕ್ಕಸನ್ನು, ಯಾಕೆಂದರೆ ಅದು ನೀರು ಬೇಡದ, ವಾಸನೆ ಬಾರದ ಮಾದರಿ ಕಕ್ಕಸು. “ಎಲ್ಲಾ ಸರಿಹೋದ್ರೆ ಯೋಬೆ, ನಿನ್ನ ಕೆಲಸ ಕಾಯಂ. ಮಾಲೀಕರ ಹತ್ರ ಮಾತಾಡಿದೀನಿ. ಓವರ್.” ಯೋಬೆ ರೇಡಿಯೋವನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದ. ಹದಿನಾಲ್ಕು ವರ್ಷದಿಂದ ಪ್ರತಿ ನವೆಂಬರಿನಲ್ಲಿ ಮೊದಲ ಮಳೆಗೆ ಬಿಡಾರ ಮುಚ್ಚುತ್ತಿತ್ತು, ಅವನ ಕೆಲಸವೂ ಮುಚ್ಚುತ್ತಿತ್ತು. ಏಪ್ರಿಲಿನಲ್ಲಿ ನೀರಿಳಿದ ಮೇಲೆ ಗೇಟಿನ ಹೊರಗೆ ಸಾಲಿನಲ್ಲಿ ನಿಂತು ಮತ್ತೆ ಕೆಲಸ ಕೇಳಬೇಕಿತ್ತು. ಐವತ್ತೆರಡು ವಯಸ್ಸಿಗೆ ಪ್ರತಿ ವರ್ಷ ಹೊಸ ಹುಡುಗನಾಗುವುದು ಮೊಣಕಾಲಿಗೆ ಕಷ್ಟ. ಕಾಯಂ ಎಂಬ ಮಾತನ್ನು ಅವನ ಹೆಂಡತಿ ಚರ್ಚಿನಲ್ಲಿ ಪ್ರಾರ್ಥನೆಯ ಕೊನೆಗೆ ಸೇರಿಸಿಕೊಂಡಿದ್ದಳು.

ಒಲೆಯ ಹತ್ತಿರ ಎಲ್ಲರೂ ನ್ಶಿಮಾ ಮುದ್ದೆ ಮುರಿಯುತ್ತಿದ್ದರು. ಬ್ವಾಲ್ಯಾ ಮಾತ್ರ ಗುಡಾರದ ಹಿಂದೆ ಕತ್ತಲಲ್ಲಿ ಕೂತು, ಮ್ವಾಪೆ ತಂದುಕೊಟ್ಟ ತಟ್ಟೆಯಲ್ಲಿ ಮೀನಿನ ಮುಳ್ಳಿನ ಜೊತೆ ಜಗಳವಾಡುತ್ತಿದ್ದ. ಯೋಬೆ ತನ್ನ ಬಲಗೈಯನ್ನು ನೋಡಿಕೊಂಡ. ಎರಡು ವರ್ಷದಿಂದ ಅವನು ಈ ಕೈಯನ್ನು ಬೇರೆಯವರದೆಂಬಂತೆ ನೋಡುವ ಅಭ್ಯಾಸ ಮಾಡಿಕೊಂಡಿದ್ದ. ಒಲೆಯ ಮೇಲಿನ ಚಹಾದ ಪಾತ್ರೆಯನ್ನು ಬಟ್ಟೆಯಿಲ್ಲದೆ ಇದೇ ಕೈಯಿಂದ ಇಳಿಸಿ ಅದಕ್ಕೆ ಬುದ್ಧಿ ಕಲಿಸುತ್ತಿದ್ದ. ಕಕ್ಕಸಿನ ಗುಂಡಿ ತೋಡಲು ಹೊರಟ ಆವತ್ತೂ ಅಕ್ಟೋಬರ್. ಕೂಲಿಗಳ ಮೂರು ಪಿಕಾಸಿ ಮುರಿದಿದ್ದವು. ಡಾಕಾ ಬೆವರು ಒರೆಸಿಕೊಳ್ಳುತ್ತ, ಏ ಯೋಬೆ, ನೀನು ಈ ಕಡೆಯವನೇ ಅಲ್ವಾ, ಎಲ್ಲಿ ಮಣ್ಣು ಮೆದು ಹೇಳು ನೋಡೋಣ ಎಂದ. ನೀನು ಈ ಕಡೆಯವನು. ಹನ್ನೆರಡು ವರ್ಷ ಕಂಪನಿಯ ಬಾಯಲ್ಲಿ ಈ ಕಡೆಯವರೆಂಬವರೇ ಇರಲಿಲ್ಲ; ಆವತ್ತು ಮೊದಲ ಸಲ ಹಾಗೊಬ್ಬನ ಅಗತ್ಯ ಬಿದ್ದಿತು. ಎದೆಯಲ್ಲಿ ಏನೋ ಉಬ್ಬಿ, ಕೈ ತಾನಾಗಿ ಮೇಲೆದ್ದು, ಆ ಮರಗಳ ಹಿಂದೆ ಸಾರ್, ಬೆಣ್ಣೆ ಇದ್ದ ಹಾಗಿದೆ ಎಂದಿತ್ತು. ಕೈ ಎಂದಿತ್ತು, ಬಾಯಿ ಅಲ್ಲ ಎಂದು ಅವನು ವಾದಿಸಿಕೊಳ್ಳುತ್ತಿದ್ದ. ಮೆದು ಎಂಬುದು ನೆನಪಿತ್ತು, ಯಾಕೆ ಮೆದು ಎಂಬುದು ನೆನಪಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲವೇ? ಈ ಪ್ರಶ್ನೆಯನ್ನು ತನಗೆ ತಾನೇ ಎಷ್ಟು ಸಲ ಕೇಳಿಕೊಂಡಿದ್ದನೆಂದರೆ, ಪ್ರತಿ ಸಲವೂ ಒಂದೊಂದು ಉತ್ತರ ಸಿಕ್ಕಿ, ಈಗ ಎಲ್ಲ ಉತ್ತರವೂ ಸುಳ್ಳಿನ ಹಾಗೆ ಕೇಳುತ್ತಿತ್ತು. ಮೂರನೇ ದಿನ ಒಂದು ನೀಲಿ ತಟ್ಟೆ ಮೇಲೆ ಬಂತು, ತಳದಲ್ಲಿ ತೂತು. ಸತ್ತವರ ತಟ್ಟೆಗೆ ತೂತು ಹೊಡೆದು ಗೋರಿಯ ಮೇಲೆ ಇಡುತ್ತಾರೆ. ಆ ತೂತನ್ನು ಮೊಳೆಯಿಂದ ಹೊಡೆದವನು ಅವನಪ್ಪ. ದೂರದೂರಿನ ಕೂಲಿಯವನು ತಟ್ಟೆಯ ತೂತಿನಿಂದ ಆಕಾಶ ನೋಡಿ, ಯಾರೋ ಬಡಪಾಯಿ ಸಾರು ಹಾಕ್ಕೊಂಡು ಮೋಸಹೋಗಿದಾನೆ ಎಂದ. ಎಲ್ಲರೂ ನಕ್ಕರು. ಯೋಬೆಯೂ ನಕ್ಕ. ಡಾಕಾ ಬೆನ್ನು ತಟ್ಟಿ ಟೋಪಿ ಕೊಟ್ಟ. ಅಗೆತ ಮುಂದುವರಿಯಿತು. ಉಳಿದದ್ದು ಏನೇನು ಬಂತೆಂದು ನೋಡಲಿಕ್ಕೆ ಅವನು ನಿಲ್ಲಲಿಲ್ಲ. ಹೊಳೆಯಲ್ಲಿ ಉಳಿದಿದ್ದ ಮಡುವಿನ ಕಡೆ ಹೋಗಿ, ನೀರಾನೆಗಳನ್ನು ಎಣಿಸುವ ಕೆಲಸ ಇತ್ತಲ್ಲ ಎಂದು, ಒಂದೇ ನೀರಾನೆಯನ್ನು ಸಂಜೆ ತನಕ ಎಣಿಸಿದ.

ಮರುದಿನ ಬೆಳಕು ಹರಿಯುವಾಗ, ಅತಿಥಿಗಳು ಏಳುವ ಮುಂಚೆ, ದಿನದ ಹಾಗೆ ಕಕ್ಕಸಿನ ಹತ್ತಿರ ಹೋದ. ದಾರಿಗೆ ಕೊಂಬೆ ಅಡ್ಡ ಇರಲಿಲ್ಲ. ಟೋಪಿ ತೆಗೆದು ನೆಲದ ಮೇಲಿಟ್ಟು, ಹಿರಿಯರ ಮುಂದೆ ಕೂರುವ ಹಾಗೆ ಮೊಣಕಾಲು ಮಡಿಸಿ ಓರೆಯಾಗಿ ಕೂತ. ಅಂಗೈ ಗುಳಿ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದ. ಇದು ಅವನು ಎರಡು ವರ್ಷದಿಂದ ಯಾರಿಗೂ ತಿಳಿಯದಂತೆ ನಡೆಸಿಕೊಂಡು ಬಂದ ಪೂಜೆ, ವರದಿ, ಎರಡೂ.

“ಅಜ್ಜಿ,” ಎಂದ. “ಇವತ್ತು ಮೂರು ಜನ. ಒಬ್ಬ ಗಂಡಸು, ಇಬ್ಬರು ಹೆಂಗಸರು. ಗಂಡಸು ನಿನ್ನೆಯಿಂದ ಬಂದಿಲ್ಲ, ಅವನಿಗೆ ಅತ್ತೆಯ ಭಯ. ಚಿಕ್ಕ ಹೆಂಗಸು ಪಾಪದವಳು, ಜಾಸ್ತಿ ಹೊತ್ತು ಕೂರಲ್ಲ. ದೊಡ್ಡ ಹೆಂಗಸು ಬೆಂಬಾ, ಭಾರದವಳು, ಸ್ವಲ್ಪ ತಡ್ಕೋಬೇಕು. ಮನ್ನಿಸು.”

“ದೊಡ್ಡ ಹೆಂಗಸು ಒಳಗೇ ಇದೀನಿ,” ಎಂದಿತು ಕಕ್ಕಸು.

ಯೋಬೆಗೆ ಒಂದು ಕ್ಷಣ ಜಗತ್ತು ನಿಂತಿತು. ಆ ಕ್ಷಣದಲ್ಲಿ ಅವನಿಗೆ ಭಯವಾಗಲಿಲ್ಲ, ಹಗುರವಾಯಿತು: ಕಡೆಗೂ ಮಾತಾಡಿದಳು, ಬೈದುಬಿಡಲಿ. ಆಮೇಲೆ ಧ್ವನಿಯಲ್ಲಿದ್ದ ಬೆಂಬಾ ರಾಗ ಕಿವಿಗೆ ಬಿದ್ದು ಹಗುರವಾದದ್ದೆಲ್ಲ ಮತ್ತೆ ಭಾರವಾಯಿತು.

“ಕೊಂಬೆ ಇಟ್ಟಿಲ್ಲ ತಾಯಿ ನೀವು,” ಎಂದ, ಅಳುವವನ ಹಾಗೆ.

“ಅವಸರ ಇತ್ತು. ಕೊಂಬೆ ವಿಷಯ ಬಿಡು. ಅಂಗೋನಿಗಳು ಕಕ್ಕಸಿಗೆ ಕೈ ತಟ್ಟೋಕೆ ಯಾವಾಗಿಂದ ಶುರುಮಾಡಿದ್ರಿ?”

ಹುಲ್ಲಿನ ತಟ್ಟಿಯ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು.

“ನೋಡಪ್ಪ. ಮೂವತ್ತೊಂದು ವರ್ಷ ಹೆರಿಗೆ ಮಾಡಿಸಿದೀನಿ. ನಿನ್ನೆ ಮಾವಿನ ಮರದ ಹತ್ರಾನೇ ಗೊತ್ತಾಯ್ತು, ನಿಂಗೆ ದಿನ ತುಂಬಿದೆ. ಮುಕ್ಕು. ನಾನು ಕೂತಿರೋದು ಯಾರ ಮೇಲೆ?”

ಅವನು ಹೇಳಿದ. ಅಜ್ಜಿಯ ಹೆಸರು ಹೇಳಿದ, ಊರು ಹೇಳಿದ, ಲಾರಿ ಹೇಳಿದ, ಒಂಬತ್ತು ಮರ ಹೇಳಿದ. ತಟ್ಟೆ ಹೇಳಿದ. ಅದು ತನ್ನ ಮಂಚದ ಕೆಳಗೆ ಚೀಲದಲ್ಲಿದೆ, ಹೆಂಡತಿಗೂ ತೋರಿಸಿಲ್ಲ ಎಂದ. ಇಷ್ಟೆಲ್ಲ ಸಲೀಸಾಗಿ ಬಂತು. ಆಮೇಲೆ ಬರಬೇಕಾದದ್ದು ಗಂಟಲಲ್ಲಿ ಅಡ್ಡ ತಿರುಗಿ ಕೂತಿತು. “ಜಾಗ ತೋರ್ಸಿದ್ದು...” ಎಂದು ನಿಲ್ಲಿಸಿದ. ತಟ್ಟಿಯ ಹಿಂದಿನ ಕಣ್ಣು ಮಿಟುಕಲಿಲ್ಲ. “ಜಾಗ ತೋರ್ಸಿದ್ದು ನಾನೇ ತಾಯಿ. ಈ ಕೈಯೇ.”

ಮೇಲೆ ಒಂದು ಹಕ್ಕಿ ಬಡಗಿಯ ಹಾಗೆ ಕುಟ್ಟುತ್ತಿತ್ತು. ಅಯ್ಯೋ ಪಾಪ ಎಂದರೆ ಸಾಯುತ್ತೇನೆ, ಎಂದುಕೊಂಡ ಯೋಬೆ. ಏನಾದರೂ ಅನ್ನಲಿ, ಅದೊಂದು ಬೇಡ.

“ಥೂ,” ಎಂದಳು ಬನಾ ಚಿಶಿಂಬಾ. “ನಿಮ್ಮ ಕುಲ ಯುದ್ಧದಲ್ಲಿ ಸೋತಿದ್ದು ಯಾಕೆ ಅಂತ ಈಗ ಅರ್ಥ ಆಯ್ತು. ಗುರಾಣಿ ಹಿಡ್ಕೊಂಡು ಬನ್ನಿ ಅಂದ್ರೆ ಅಜ್ಜಿಯನ್ನೇ ಹಿಡ್ಕೊಂಡು ಬಂದಿರ್ತೀರಿ. ಇಲಿ ತಿಂದು ತಿಂದು ಬಿಲ ತೋಡೋದೊಂದು ಗೊತ್ತು, ಯಾರ ಮೇಲೆ ತೋಡ್ತೀವಿ ಅನ್ನೋದು ಗೊತ್ತಿಲ್ಲ.” ಯೋಬೆಯ ಕಣ್ಣಿಂದ ನೀರು ಹರಿಯಿತು, ಜೊತೆಗೆ ಬಾಯಿಂದ ನಗುವಿನಂಥದ್ದೊಂದು ಹೊರಟಿತು. “ಮಣ್ಣು ಮಾಡಿದಾಗ ನಮ್ಮವರು ಯಾರಾದ್ರೂ ಬಂದಿದ್ರಾ?”

“ಇಲ್ಲ ತಾಯಿ. ಕಾಡಿನ ಊರು. ಬೆಂಬಾ ಯಾರೂ ಇರ್ಲಿಲ್ಲ.”

“ಬೈಯೋರು ಇಲ್ಲದೆ ಮಣ್ಣು ಮಾಡಿದ್ರಾ? ಗುಂಡಿಗೆ ಇಳಿದು ಸತಾಯ್ಸೋರು ಇಲ್ಲದೆ? ಹಾಗಾದ್ರೆ ಆ ಸಾವು ಮುಗಿದೇ ಇಲ್ಲ.” ಒಳಗಿನಿಂದ ತಟ್ಟಿ ಬಾಗಿಲಿಗೆ ಚಿಲಕದ ಕಡ್ಡಿ ಹಾಕಿದ ಸದ್ದು ಬಂತು. “ಈಗ ನಾನು ಇಳಿದಿದೀನಿ. ಏಳಲ್ಲ. ಇದರ ಮೇಲೆ ಕೂತವರಲ್ಲಿ ನಾನೇ ಕೊನೇವಳು. ಗುಂಡಿ ಮುಚ್ಚಿಸ್ತೀನಿ ಅಂತ ನಿಮ್ಮ ಯಜಮಾನ ಬಂದು ಹೇಳೋ ತನಕ ಈ ಪೀಠ ಬಿಡಲ್ಲ. ಏ ತಿಸೌಕೆ! ಏ ಹಲ್ಲಿಲ್ಲದ ಮುದುಕೀ! ನಲವತ್ತು ವರ್ಷ ಯಾರೂ ಬೈಯಲಿಲ್ಲ ಅಂತ ಕೊಬ್ಬಿದೀಯಾ?”

ಸಾವಿನ ಮನೆಗಳಲ್ಲಿ ಅವನು ಇದನ್ನು ನೋಡಿದ್ದ. ಬೈಗುಳದ ನೆಂಟರು ಗೋರಿಗೆ ಇಳಿದು ಮಲಗಿ, ತಮ್ಮನ್ನು ಓಲೈಸುವ ತನಕ ಹೆಣ ಇಳಿಸಲು ಬಿಡುವುದಿಲ್ಲ; ಅಳುವವರು ನಗಲೇಬೇಕು, ನಕ್ಕ ಮೇಲೆ ಅಳು ಸರಿಯಾಗಿ ಬರುತ್ತದೆ. ಆದರೆ ಕೂತು ಹೀಗೆ ಮಾಡಿದವರನ್ನು ನೋಡಿರಲಿಲ್ಲ.

ಬೈಗುಳಕ್ಕೆ ಬಿಡಾರ ಎದ್ದಿತು. ಮೊದಲು ಬಂದವನು ಬ್ವಾಲ್ಯಾ. ಹಿಂದಿನ ಮಧ್ಯಾಹ್ನದಿಂದ ತಡೆದುಕೊಂಡಿದ್ದವನು, ಕಾಗದದ ಸುರುಳಿ ಹಿಡಿದು, ದಾರಿಗೆ ಕೊಂಬೆ ಇಲ್ಲದ್ದನ್ನು ನೋಡಿ ಜಗತ್ತಿನ ಮೇಲೆ ನಂಬಿಕೆ ಬಂದವನಂತೆ ಓಡಿ ಬಂದು, ಒಳಗಿನಿಂದ ಅತ್ತೆಯ ಧ್ವನಿ ಕೇಳಿ ಹಾವು ತುಳಿದವನಂತೆ ಹಿಂದಕ್ಕೆ ನೆಗೆದ. ಮ್ವಾಪೆ ಹಿಂದೆಯೇ ಬಂದಳು. “ಅಮ್ಮಾ, ಏನಮ್ಮಾ ಇದು, ಹೊರಗೆ ಬಾ. ಅವರಿಗೆ ಹೋಗ್ಬೇಕಂತೆ.” “ನಿನ್ನ ಗಂಡನಿಗೆ ಹೇಳು, ಕಾಡು ದೊಡ್ಡದಿದೆ, ಆನೆಗಳು ಏನೂ ಅಂದ್ಕೊಳ್ಳಲ್ಲ.” ಬ್ವಾಲ್ಯಾ ಹುತ್ತದ ಕಡೆ ಹೊರಟ. ಅತಿಥಿಗಳು ಒಬ್ಬರೇ ಬಿಡಾರದ ಗಡಿ ದಾಟಬಾರದೆಂಬ ನಿಯಮ ಇದ್ದುದರಿಂದ ಸಕಾಲಾ ಬಂದೂಕು ಹಿಡಿದು ಹಿಂದೆ ಹೋದ. ದೊಡ್ಡ ಹುತ್ತದ ಈಚೆ ಬಂದೂಕಿನವನ ಬೆನ್ನು, ಆಚೆ ಕಾಗದದ ಸುರುಳಿಯ ಬಿಳಿ ಬಾಲ, ಬೆಳಗಿನ ಗಾಳಿಯಲ್ಲಿ ಹಾರುತ್ತ ಕಾಣಿಸಿತು. ಗಣರಾಜ್ಯದ ಬಂದೂಕು ಒಬ್ಬ ಪ್ರಜೆಗೆ ಅಷ್ಟು ನೇರವಾಗಿ ಉಪಕಾರ ಮಾಡಿದ್ದನ್ನು ಯೋಬೆ ಅಲ್ಲಿಯವರೆಗೆ ಕಂಡಿರಲಿಲ್ಲ.

ರೇಡಿಯೋ ಗೊರಗುಟ್ಟಿತು. “ಮೂರನೇ ಬಿಡಾರ. ಅವರ ವಿಮಾನ ಇಳಿದಾಯ್ತು, ಒಂದು ಗಂಟೇಲಿ ಅಲ್ಲಿರ್ತೀವಿ. ಕಕ್ಕಸು ಗುಡ್ಸಿದ್ಯಾ? ಓವರ್.”

“ಸಾರ್, ಒಳಗೆ ಒಬ್ಬರಿದಾರೆ.”

“ಒಂದು ಗಂಟೆ ಇರ್ತಾರೇನೋ? ಓವರ್.”

“ಸಂಜೆ ತನಕವೂ ಇರ್ತೀನಿ!” ಎಂದು ಕಕ್ಕಸಿನಿಂದ ಕೂಗು ಬಂತು. “ಯಾರದು, ಡಬ್ಬದ ಒಳಗಿಂದ ಮಾತಾಡೋದು? ನೀನೂ ಇಲಿ ತಿನ್ನೋನಾ?”

ಯೋಬೆ ವಿಷಯ ತಿಳಿಸಿದ. ಗುಂಡಿಯಲ್ಲಿ ಗೋರಿ ಇದೆ, ಆಕೆಗೆ ಗೊತ್ತಾಗಿದೆ, ಮುಚ್ಚಿಸದೆ ಏಳಲ್ಲ ಅಂತಾರೆ. ಆಮೇಲೆ ಡಾಕಾನ ದನಿ ಬಂತು, ತಗ್ಗಿ, ಸಿಹಿಯಾಗಿ. “ಯೋಬೆ. ಕಾಯಂ ಪತ್ರ ನನ್ನ ಜೇಬಲ್ಲಿದೆ ಕಣಯ್ಯ. ಮಾಲೀಕರ ಸಹಿ ಬಿದ್ದಾಯ್ತು. ಯಾರಾದ್ರೂ ಬೆಂಬಾ ಹೆಂಗ್ಸಿನ ತಮಾಷೆಗೆ ಇದನ್ನ ಕಳ್ಕೋತಾರಾ? ಒಳಗೆ ಚಿಲಕ ಅಂದ್ರೆ ಒಂದು ಕಡ್ಡಿ. ಬಾಗಿಲು ಕಿತ್ತು, ರಟ್ಟೆ ಹಿಡಿದು ಹೊರಗೆ ತಾ. ಆಮೇಲೆ ಕ್ಷಮೆ ಕೇಳಿದ್ರಾಯ್ತು.”

ಯೋಬೆ ಬಾಗಿಲ ಕಡೆ ನಡೆದ. ಮ್ವಾಪೆ ಅವನ ಮುಖ ನೋಡಿ ದಾರಿ ಬಿಟ್ಟಳು. ಒಳಗಿನ ಬೈಗುಳ ನಿಂತಿತು. ತಟ್ಟಿಯ ಸಂದಿಯಲ್ಲಿ ಆ ಕಣ್ಣು ಅವನನ್ನಲ್ಲ, ಅವನ ಕೈಯನ್ನು ನೋಡುತ್ತಿತ್ತು. ಕೈ ಮೇಲೆದ್ದಿತು. ಅದು ಏನು ಮಾಡುತ್ತದೋ ಎಂದು ಅವನೂ ಅವಳಷ್ಟೇ ಕುತೂಹಲದಿಂದ ನೋಡಿದ. ಒಂದು ಪತ್ರ, ಹೆಂಡತಿಯ ಪ್ರಾರ್ಥನೆಯ ಕೊನೆಯ ಮಾತು, ನವೆಂಬರ್ ಇಲ್ಲದ ವರ್ಷಗಳು ಆ ಕಡ್ಡಿಯ ಆಚೆ ಇದ್ದವು. ಬಾಗಿಲು ಮುಟ್ಟದೆ ಕೈ ಕೆಳಗೆ ಇಳಿಯಿತು, ಅದರ ಹಿಂದೆ ಅವನೂ ಇಳಿದ. ಬರಿ ನೆಲದ ಮೇಲೆ, ಸಾವಿನ ಮನೆಯವರು ಕೂರುವ ಹಾಗೆ ಎರಡೂ ಕಾಲು ನೀಡಿ ಕೂತ. ನೆಲ ತಣ್ಣಗಿತ್ತು.

“ಯೋಬೆ, ಬಾಗಿಲ ಹತ್ರ ಹೋದ್ಯಾ? ಓವರ್.”

“ಹತ್ರಾನೇ ಇದೀನಿ ಸಾರ್. ಕೂತಿದೀನಿ.”

“ಕೂತಿದೀಯಾ? ಯಾಕೆ?”

“ನಮ್ಮಜ್ಜಿ ತೀರ್ಕೊಂಡಿದಾಳೆ ಸಾರ್.”

“ಅಯ್ಯಯ್ಯೋ,” ಎಂದಿತು ರೇಡಿಯೋ, ತಡೆಯುವಷ್ಟರಲ್ಲಿ ಬಾಯಿಂದ ಜಾರಿದ ಹಾಗೆ. ಡಾಕಾನೂ ಹಳ್ಳಿಯಲ್ಲಿ ಹುಟ್ಟಿದವನೇ. “ಯಾವಾಗಪ್ಪ?”

“ನಲವತ್ತೊಂದು ವರ್ಷ ಆಯ್ತು.”

ಕಕ್ಕಸಿನ ಒಳಗೆ ಯಾರೋ ನಗು ತಡೆದುಕೊಂಡ ಸದ್ದಾಯಿತು. ಹುತ್ತದ ಕಡೆಯಿಂದ ಹಿಂದಿರುಗಿದ ಸಕಾಲಾ ಕೂತವನನ್ನು ನೋಡಿ, ಬಂದೂಕನ್ನು ಮರಕ್ಕೆ ಒರಗಿಸಿ ಟೋಪಿ ತೆಗೆದ.

“ತಮಾಷೆ ಮಾಡ್ತೀಯೇನೋ ನನ್ನ ಹತ್ರ? ಆ ಜಾಗ ಯಾರೋ ತೋರ್ಸಿದ್ದು? ನೀನೇ ಅಲ್ವಾ?”

ಯೋಬೆ ರೇಡಿಯೋವನ್ನು ಬಾಯಿಯಿಂದ ಸ್ವಲ್ಪ ದೂರ ಹಿಡಿದು, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. “ಹೌದು ಸಾರ್. ನಾನೇ. ನಮ್ಮಜ್ಜಿ ತಿಸೌಕೆ ಶಾವಾ. ಇಲ್ಲಿ ನಮ್ಮೂರಿತ್ತು.”

“ಯೋಬೆ, ನಾವು ಜೀಪು ಹತ್ತಿದೀವಿ. ಅವರು ಪಕ್ಕದಲ್ಲೇ ಇದಾರೆ. ಎದ್ದೇಳು. ಕೊನೇ ಸಲ ಹೇಳ್ತಾ ಇದೀನಿ, ಎದ್ದು ಆ ಬಾಗಿಲು ಕೀಳು.”

“ಆಗಲ್ಲ ಸಾರ್,” ಎಂದ ಯೋಬೆ. “ಸಾವಿನ ಮನೆಯವರು ಕೆಲಸ ಮಾಡೋ ಹಾಗಿಲ್ಲ. ನಾನು ಏಳಲ್ಲ. ನೀವು ಬಂದಾಗ ನೀವೂ ಕೂತ್ಕೋಬೇಕು. ಓವರ್.”